ಮೊದಲು ಹರ್-2 ಸಾಲು ಓದಿ, ಆಮೇಲೆ ಇಂಜೆಕ್ಷನ್ನಿನ ರೇಟ್ ಕೇಳಿ

ಹಂಪನಕಟ್ಟೆಯ ನಮ್ಮ ಮೆಡಿಕಲ್‌ಗೆ ಬಂದು ಮೊಬೈಲ್ ಮುಂದೆ ಹಿಡಿಯುತ್ತಾರೆ. "ಅಣ್ಣ, ಈ ಟ್ರಾಸ್ಟುಜುಮ್ಯಾಬ್‌ಗೆ ಎಷ್ಟಾಗ್ತದೆ?" ಅದು ಸ್ತನ ಕ್ಯಾನ್ಸರಿಗೆ ಕೊಡುವ ಇಂಜೆಕ್ಷನ್. ವಾಟ್ಸಾಪ್ ಫೋಟೊದಲ್ಲಿ ಬಯಾಪ್ಸಿ ರಿಪೋರ್ಟಿನ ಅರ್ಧ ಪುಟ ಮಾತ್ರ ಇರುತ್ತದೆ. ಬೇಕಾದ ಸಾಲು ಫೋಟೊ ತೆಗೆದವರ ಹೆಬ್ಬೆರಳಿನ ಅಡಿಯಲ್ಲಿ. ರೇಟ್ ಇರಲಿ ಮಾರಾಯ್ರೆ, ಆ ಮದ್ದು ನಿಮ್ಮವರಿಗೆ ಆಗುತ್ತದಾ ಅಂತ ಹೇಳುವುದೇ ಆ ಸಾಲು.

ಹರ್-2 ನಮ್ಮೆಲ್ಲರ ಜೀವಕೋಶಗಳ ಹೊರಮೈಯಲ್ಲಿರುವ ಪ್ರೊಟೀನ್. 'ಬೆಳೆ' ಅಂತ ಒಳಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಸ್ತನ ಕ್ಯಾನ್ಸರ್ ಬಂದ ನೂರು ಮಂದಿಯಲ್ಲಿ ಸುಮಾರು 15ರಿಂದ 20 ಮಂದಿಗೆ ಇದು ವಿಪರೀತ ಜಾಸ್ತಿ ಇರುತ್ತದೆ. ಒಂದು ಮೈಕ್ ಸಾಕಾಗುವ ಬಯಲಾಟಕ್ಕೆ ಗದ್ದೆಯಿಡೀ ಸ್ಪೀಕರ್ ಕಟ್ಟಿದ ಹಾಗೆ. ಟ್ರಾಸ್ಟುಜುಮ್ಯಾಬ್ ಒಂದು ಆಂಟಿಬಾಡಿ, ಅಂದರೆ ಗುರಿ ಹುಡುಕಿ ಅಂಟುವ ಪ್ರೊಟೀನ್. ಹೊರಗಿನಿಂದ ಹರ್-2ಗೆ ಅಂಟಿಕೊಂಡು ಆ ಗದ್ದಲ ತಗ್ಗಿಸುತ್ತದೆ, ರೋಗದ ವಿರುದ್ಧ ಹೋರಾಡುವ ಕಣಗಳಿಗೆ ಗುರುತನ್ನೂ ತೋರಿಸುತ್ತದೆ. ಹರ್-2 ಜಾಸ್ತಿ ಇಲ್ಲದವರಿಗೆ ಇದನ್ನು ಕೊಟ್ಟರೆ ದುಡ್ಡು ಹೋಗುತ್ತದೆ, ಅಡ್ಡಪರಿಣಾಮ ಮಾತ್ರ ಉಳಿಯುತ್ತದೆ.

ಹಂತ 1: ರಿಪೋರ್ಟ್ ಓದುವುದು

ಎಲ್ಲರೂ ಎಡವುವುದು ಇಲ್ಲೇ. ಬಯಾಪ್ಸಿಯ ಐಎಚ್‌ಸಿ (ತುಂಡಿಗೆ ಬಣ್ಣ ಹಾಕಿ ಪ್ರೊಟೀನ್ ಹುಡುಕುವ ಪರೀಕ್ಷೆ) ರಿಪೋರ್ಟಿನಲ್ಲಿ ಮೂರು ಸಾಲು ಒಂದರ ಕೆಳಗೊಂದು ಇರುತ್ತವೆ: ಇಆರ್, ಪಿಆರ್, ಹರ್-2. ಮೊದಲೆರಡು ಹಾರ್ಮೋನಿಗೆ ಸಂಬಂಧಪಟ್ಟವು. ಇಆರ್ ಎದುರು 'ಪಾಸಿಟಿವ್' ನೋಡಿ ಈ ಇಂಜೆಕ್ಷನ್ ಕೇಳಿಕೊಂಡು ಬರುವವರು ಬೇಕಾದಷ್ಟು. ನೀವು ಮೂರನೆಯದನ್ನೇ ನೋಡಿ.

ಅಲ್ಲಿ 0 ಅಥವಾ 1+ ಇದ್ದರೆ ನೆಗೆಟಿವ್. 3+ ಇದ್ದರೆ ಪಾಸಿಟಿವ್. ಗಲಾಟೆ ಇರುವುದು 2+ನಲ್ಲಿ. ಕೆಲವರು ಪ್ಲಸ್ ಚಿಹ್ನೆ ನೋಡಿ ಪಾಸಿಟಿವ್ ಅಂತ ಸಾಲ ಮಾಡಲು ಹೊರಡುತ್ತಾರೆ. ಇನ್ನು ಕೆಲವರು 'ಮೂರು ಬಂದಿಲ್ಲವಲ್ಲ' ಅಂತ ಸುಮ್ನೆ ಕೂರುತ್ತಾರೆ. ಎರಡೂ ತಪ್ಪು. 2+ ಅಂದರೆ ಇನ್ನೂ ತೀರ್ಮಾನ ಆಗಿಲ್ಲ, ಫಿಶ್ ಪರೀಕ್ಷೆ ಆಗಬೇಕು. ಹರ್-2 ತಯಾರಿಸುವ ಜೀನ್ ಎಷ್ಟು ಪ್ರತಿಗಳಲ್ಲಿದೆ ಅಂತ ಅದರಲ್ಲಿ ಎಣಿಸುತ್ತಾರೆ. 'ಆಂಪ್ಲಿಫೈಡ್' ಅಂತ ಬಂದರೆ ಪಾಸಿಟಿವ್, 'ನಾಟ್ ಆಂಪ್ಲಿಫೈಡ್' ಅಂತ ಬಂದರೆ ನೆಗೆಟಿವ್. ಆ 'ನಾಟ್' ಕಣ್ಣು ತಪ್ಪಿಸಿಕೊಳ್ಳದಿರಲಿ.

ಫಿಶ್‌ಗೆ ಸಾಮಾನ್ಯವಾಗಿ ಹೊಸದಾಗಿ ಚುಚ್ಚಬೇಕಾಗಿಲ್ಲ. ಬಯಾಪ್ಸಿಯ ತುಂಡನ್ನು ಮೇಣದಲ್ಲಿ ಕೂರಿಸಿ ಬೆಂಕಿಪೊಟ್ಟಣಕ್ಕಿಂತ ಸಣ್ಣ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಇಟ್ಟಿರುತ್ತಾರೆ. ಅದೇ 'ಬ್ಲಾಕ್'. ಬಯಾಪ್ಸಿ ಕುಂದಾಪುರದಲ್ಲಾಗಿ, ಚಿಕಿತ್ಸೆ ಮಣಿಪಾಲದಲ್ಲೋ ಕಂಕನಾಡಿಯಲ್ಲೋ ಆಗುವುದಾದರೆ ರಿಪೋರ್ಟಿನ ಜೊತೆ ಬ್ಲಾಕನ್ನೂ ಕೇಳಿ ತನ್ನಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ, ಅದು ಮೇಣ.

ಹಂತ 2: ಎಕೋ ಮಾಡಿಸುವುದು

ಈ ಮದ್ದು ಕೆಲವರ ಹೃದಯದ ಪಂಪನ್ನು ದುರ್ಬಲ ಮಾಡುತ್ತದೆ. ಹಾಗಾಗಿ ಶುರು ಮಾಡುವ ಮೊದಲು ಒಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಬೇಕು. "ಇಸಿಜಿ ಇದೆಯಲ್ಲ, ಸಾಲದಾ?" ಸಾಲದು. ಸಾಧ್ಯವಾದರೆ ಪ್ರತಿ ಸಲ ಒಂದೇ ಕಡೆ ಮಾಡಿಸಿ, ಇಎಫ್ (ಹೃದಯ ಒಂದು ಬಡಿತಕ್ಕೆ ಎಷ್ಟು ಪಾಲು ರಕ್ತ ಹೊರಗೆ ತಳ್ಳುತ್ತದೆ ಅನ್ನುವ) ಅಂಕಿಯನ್ನು ಒಂದೇ ಪುಸ್ತಕದಲ್ಲಿ ಬರೆದಿಡಿ. ನಡುವೆ ಏದುಸಿರು, ಕಾಲು ಊತ ಕಂಡರೆ ಮುಂದಿನ ತಾರೀಕಿಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.

ಹಂತ 3: ಮದ್ದು ಕೊಳ್ಳುವುದು

ಮೂಲ ಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಇದರ ಬಯೋಸಿಮಿಲರ್ (ಮೂಲ ಮದ್ದನ್ನೇ ತೀರಾ ಹೋಲುವ, ಬೇರೆ ಕಂಪನಿಯ ಮದ್ದು) ಅನ್ನು ಇಲ್ಲಿ ಮಾರುಕಟ್ಟೆಗೆ ತಂದಿತು. ಅದೇ ಕಂಪನಿಯ ಟ್ರಾಸ್ಟುಜುಮ್ಯಾಬ್‌ಗೆ 2017ರಲ್ಲಿ ಅಮೆರಿಕವೂ ಒಪ್ಪಿಗೆ ಕೊಟ್ಟಿತು. ನನ್ನನ್ನು ಕೇಳಿದರೆ ಡಾಕ್ಟರ್ ಒಪ್ಪಿದ ಬಯೋಸಿಮಿಲರ್ ಧಾರಾಳ ಸಾಕು. 'ಫಾರಿನ್ನದ್ದೇ ಬೇಕು' ಅಂತ ಚಿನ್ನ ಅಡವಿಡಬೇಡಿ. ಬಿಲ್, ಬ್ಯಾಚ್ ನಂಬರ್ ಕೊಡದವರಲ್ಲಿ ಮಾತ್ರ ಕೊಳ್ಳಲೇಬೇಡಿ.

ಹೆಸರನ್ನು ಪೂರ್ತಿ ಓದಿ. ಟ್ರಾಸ್ಟುಜುಮ್ಯಾಬ್ ಎಮ್‌ಟ್ಯಾನ್ಸಿನ್, ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಬೇರೆಯೇ ಮದ್ದುಗಳು. ಆಂಟಿಬಾಡಿಗೆ ಕೀಮೋ ಮದ್ದು ಕಟ್ಟಿ ಕಳಿಸುವಂಥವು, ಡೋಸೂ ಬೇರೆ. ಚೀಟಿಯ ಬಾಲ ಬಿಟ್ಟು ಫೋನಿನಲ್ಲಿ ಆರ್ಡರ್ ಹೇಳಿದರೆ ಅಪಾಯ.

ಬಾಟಲಿ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಎಂಜಿನ್ ಪಕ್ಕ ತೊಡೆ ಮೇಲೆ ಇಟ್ಟುಕೊಂಡು ಬೈಂದೂರಿಗೆ ಒಯ್ಯುವುದಲ್ಲ. ಐಸ್‌ಗೆ ನೇರ ತಾಗಿಸುವುದೂ ತಪ್ಪು, ಫ್ರೀಜ್ ಆದದ್ದು ಉಪಯೋಗಕ್ಕಿಲ್ಲ. ನನ್ನ ಸಲಹೆ, ಇಂಜೆಕ್ಷನ್ ಕೊಡುವ ಆಸ್ಪತ್ರೆಯ ಫಾರ್ಮಸಿಯಲ್ಲೇ ತೆಗೆದುಕೊಳ್ಳಿ.

ಹಂತ 4: ಕೊಡಿಸುವುದು

ಮೊದಲ ಸಲ ಡ್ರಿಪ್ ಸುಮಾರು 90 ನಿಮಿಷ, ಒಗ್ಗಿದರೆ ಆಮೇಲೆ 30. ಮೂರು ವಾರಕ್ಕೊಮ್ಮೆ ಕೊಡುವುದಾದರೆ ಮೊದಲ ಡೋಸ್ ದೇಹದ ತೂಕದ ಕಿಲೋಗೆ 8 ಮಿ.ಗ್ರಾಂ, ನಂತರ 6. ಮೊದಲ ದಿನ ಚಳಿ, ಜ್ವರ ಬರಬಹುದು. ಡ್ರಿಪ್ ತೆಗೆದ ಕೂಡಲೇ ಬಸ್ಸಿಗೆ ಓಡಬೇಡಿ. ಕೂದಲು ಉದುರಿದರೆ ಅದು ಹೆಚ್ಚಾಗಿ ಜೊತೆಗಿರುವ ಕೀಮೋದ ಕೆಲಸ.

ಇದರ ಬದಲಿಗೆ ಲಕ್ಷ್ಮಣ ಫಲದ ಎಲೆಯ ಕಷಾಯ ಕುಡಿದರೆ ಆಯಿತು ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಡಬ್ಬಿಯಲ್ಲಿ ಬರುವ 'ಇಮ್ಯುನಿಟಿ' ಪುಡಿಗಳಿಗೂ ಅದೇ ಉತ್ತರ.

ಹಂತ 5: ತಾರೀಕು ತಪ್ಪಿಸದಿರುವುದು

ಆರಂಭದ ಹಂತದ ಸ್ತನ ಕ್ಯಾನ್ಸರಿಗೆ ಸಾಮಾನ್ಯವಾಗಿ ಇದು ಒಂದು ವರ್ಷದ ಚಿಕಿತ್ಸೆ. ಕೀಮೋ ಮುಗಿದ ಮೇಲೆ 'ಈಗ ಹುಷಾರಾಗಿದ್ದಾಳೆ' ಅಂತ ಬಿಡುವವರಿದ್ದಾರೆ. ಮದುವೆ, ಕೋಲ, ತಂಬಿಲ ಅಂತ ಒಂದು ವಾರಕ್ಕಿಂತ ಜಾಸ್ತಿ ತಡವಾದರೆ ಮತ್ತೆ ಕಿಲೋಗೆ 8 ಮಿ.ಗ್ರಾಂ.ನ ದೊಡ್ಡ ಡೋಸ್‌ನಿಂದ ಶುರು ಮಾಡಬೇಕಾಗುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆ ಮಾಡಿಸುವವರು ಹಾಗೆ ತಡವಾಗುತ್ತದೆ ಅಂತ ಗೊತ್ತಾದ ದಿನವೇ ಆಸ್ಪತ್ರೆಯ ಯೋಜನೆ ಕೌಂಟರಿಗೂ ತಿಳಿಸಿ. ಹೆಚ್ಚಿನ ಮದ್ದಿಗೆ ಅನುಮತಿ ಬೇಕಾ ಅಂತ ಅವರೇ ನೋಡಿ ಹೇಳುತ್ತಾರೆ.