ಪೆನ್ಸಿಲ್ ಅವರ ಕೈಗೆ ಕೊಟ್ಟರೆ

ಬಿಪಿ, ಶುಗರ್‌ಗೆ ದಿನಾ ಮಾತ್ರೆ ತಗೊಳ್ಳುವವರಿಗೆ ಒಂದು ಚೀಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಯಾವ ಮಾತ್ರೆ, ಯಾವಾಗ, ಎಷ್ಟು ಅಂತ ನೋಡಿದ ಕೂಡಲೇ ತಿಳಿಯಬೇಕು. ಕೇಳೋಕೆ ಚಿಕ್ಕ ಕೆಲಸ. ಆದರೆ ಶ್ರೀಮಂತ ದೇಶಗಳಲ್ಲೂ ಇಂಥ ದೀರ್ಘ ಕಾಯಿಲೆ ಇರುವವರಲ್ಲಿ ಸರಿಸುಮಾರು ಅರ್ಧದಷ್ಟು ಜನ ಮಾತ್ರ ಹೇಳಿದ ಹಾಗೆ ಔಷಧಿ ತಗೊಳ್ಳುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಉಳಿದವರನ್ನು 'ಮಾತು ಕೇಳದವರು' ಅನ್ನುವುದು ಸುಲಭ. ಹತ್ತಿರ ಕೂತು ನೋಡಿದರೆ ಅವರಲ್ಲಿ ತುಂಬಾ ಜನಕ್ಕೆ ತಮ್ಮದೇ ಒಂದು ಲೆಕ್ಕಾಚಾರ ಇರುತ್ತದೆ.

ಆ ಲೆಕ್ಕಾಚಾರ ಬಾಯಿಮಾತಿನಲ್ಲಿ ಸಿಗುವುದಿಲ್ಲ. 'ಮಾತ್ರೆ ಹೇಗೆ ತಗೊಳ್ತೀರಿ?' ಅಂದರೆ 'ಡಾಕ್ಟರ್ ಹೇಳಿದ ಹಾಗೇ' ಅನ್ನುತ್ತಾರೆ. ಅದಕ್ಕೇ ನಾನು 'ಸ್ವಲ್ಪ ತೋರಿಸ್ತೀರಾ ಅಮ್ಮ?' ಅಂತ ಕೇಳುತ್ತೇನೆ. ಒಬ್ಬರು ತಮ್ಮ ಡಬ್ಬಿ ತಂದು ಸುರಿದರು. ಸ್ಟ್ರಿಪ್ಪನ್ನು ಒಂದೊಂದು ಮಾತ್ರೆಯಾಗಿ ಕತ್ತರಿಸಿದ್ದರು. ಬೆಳಗಿನದಕ್ಕೆ ಒಂದು ಮೂಲೆ ಕತ್ತರಿ, ರಾತ್ರಿಯದಕ್ಕೆ ಎರಡು ಮೂಲೆ. ಕಣ್ಣು ಮಂಜಾದರೂ ಬೆರಳಿಗೆ ಗೊತ್ತಾಗುತ್ತದೆ. 'ಬಣ್ಣ ನಂಬೋಕಾಗಲ್ಲ, ಕಂಪನಿ ಬದಲಾದರೆ ಬಣ್ಣಾನೂ ಬದಲಾಗತ್ತೆ' ಅಂದರು. ಮಾತ್ರೆಗಳನ್ನು ಬಣ್ಣದಿಂದ ಗುರುತಿಸುವ ಯಾವ ಚೀಟಿಯೂ ನಡೆಯುವುದಿಲ್ಲ ಅಂತ ಆ ಒಂದು ಮಾತಿನಲ್ಲೇ ಗೊತ್ತಾಯಿತು.

ಆದರೆ ಒಂದು ತೊಡಕಿತ್ತು. ಹಾಗೆ ಕತ್ತರಿಸಿದರೆ ಔಷಧಿಯ ಹೆಸರು, ಎಕ್ಸ್‌ಪೈರಿ ತಾರೀಖು ಎರಡೂ ಹೋಗುತ್ತವೆ. ಇದನ್ನು ಹೇಳಿದವರು ಔಷಧಿ ಕೊಡುವವರು. ಇಬ್ಬರೂ ಎದುರುಬದುರು ಕೂತಾಗ ದಾರಿ ಸಿಕ್ಕಿತು: ತಾರೀಖು ಇರುವ ತುದಿಯನ್ನು ಬಿಟ್ಟು, ಇನ್ನೊಂದು ಕಡೆಯಿಂದ ಕತ್ತರಿಸುತ್ತಾ ಬರುವುದು. ಚೀಟಿಯಲ್ಲೂ ಮೂಲೆ ಕತ್ತರಿಸಿದ ಚಿತ್ರವೇ ಬಂತು.

ಎದುರುಬದುರು ಕೂರಿಸುವುದು ಮಾತ್ರ ನಾಜೂಕಿನ ಕೆಲಸ. ಡಾಕ್ಟರ್ ಮೊದಲು ಬಾಯಿ ತೆರೆದರೆ ಉಳಿದವರೆಲ್ಲ ಸುಮ್ಮನಾಗುತ್ತಾರೆ. ಬ್ರಿಟನ್ನಿನಲ್ಲಿ ಸಂಶೋಧಕರಾದ ಪಾಲ್ ಬೇಟ್, ಗ್ಲೆನ್ ರಾಬರ್ಟ್ ರೂಪಿಸಿದ ಒಂದು ವಿಧಾನ ನನಗೆ ಇಲ್ಲಿ ದಾರಿ ತೋರಿಸಿತು. ಮೊದಲು ರೋಗಿಗಳು ಬೇರೆ, ಸಿಬ್ಬಂದಿ ಬೇರೆ ಕೂರುತ್ತಾರೆ. ಆಮೇಲೆ ರೋಗಿಗಳ ಅನುಭವದ ಪುಟ್ಟ ವಿಡಿಯೋ ನೋಡಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ರೋಗಿಗಳು ತಮ್ಮತಮ್ಮಲ್ಲೇ ಮಾತು ಪಳಗಿಸಿಕೊಂಡು ಬಂದಿರುವುದರಿಂದ ಆಗ ಧೈರ್ಯ ಇರುತ್ತದೆ.

ಇನ್ನೊಂದು, ಚೀಟಿಯನ್ನು ಅಂದವಾಗಿ ಪ್ರಿಂಟ್ ಮಾಡಿ ಮುಂದಿಡಬಾರದು. ಅಚ್ಚಾದದ್ದನ್ನು ಯಾರೂ ಮುಟ್ಟುವುದಿಲ್ಲ, 'ಚೆನ್ನಾಗಿದೆ' ಅಂದು ಮುಗಿಸುತ್ತಾರೆ. ಪೆನ್ಸಿಲ್‌ನಲ್ಲಿ ಸೊಟ್ಟಪಟ್ಟ ಬರೆದದ್ದಾದರೆ ಕೈ ಹಾಕುತ್ತಾರೆ. ಬೆಳಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದ ಹಾಳೆ ಇಟ್ಟು ಪೆನ್ಸಿಲ್ಲನ್ನೂ ಕೊಟ್ಟೆ. ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ಒಬ್ಬರು ಎರಡನ್ನೂ ಹೊಡೆದುಹಾಕಿದರು. ಅವರು ಏಳುವುದೇ ಸಂಜೆ. ಸೂರ್ಯನ ಜಾಗದಲ್ಲಿ ತಟ್ಟೆ ಬರೆದರು, ಚಂದ್ರನ ಜಾಗದಲ್ಲಿ ಹಾಸಿಗೆ. ಊಟದ ಜೊತೆ, ಮಲಗುವ ಮುಂಚೆ. ಡಾಕ್ಟರ್ ಅದನ್ನು ಒಪ್ಪಿದರು, ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್‌ನಂಥ ಮಾತ್ರೆಗೆ ಊಟದ ಜೊತೆ ಅನ್ನುವುದೇ ಮುಖ್ಯ. ಆದರೆ ಗಡಿಯಾರ ನೋಡಿಯೇ ತಗೊಳ್ಳಬೇಕಾದ ಮಾತ್ರೆಗೆ ಇದು ಆಗುವುದಿಲ್ಲ ಅಂತಲೂ ಅಲ್ಲೇ ಹೇಳಿದರು. ಯಾವುದನ್ನು ಬದಲಿಸಬಹುದು, ಯಾವುದು ಆಗಲ್ಲ ಅಂತ ಎಲ್ಲರ ಮುಂದೆ, ಕಾರಣ ಸಮೇತ ಹೇಳುವುದು ಬಹಳ ಮುಖ್ಯ ಅನ್ನಿಸುತ್ತೆ ನನಗೆ. ಇಲ್ಲದಿದ್ದರೆ ಮುಂದಿನ ಸಲ ಯಾಕೆ ಬರಬೇಕು, ಅಲ್ವಾ?

ತೀರ್ಮಾನಗಳಲ್ಲಿ ಜನರ ಪಾಲು ಎಷ್ಟು ಅಂತ ಅಳೆಯೋಕೆ ಅಮೆರಿಕದ ಶೆರಿ ಆರ್ನ್‌ಸ್ಟೀನ್ 1969ರಲ್ಲಿ ಎಂಟು ಮೆಟ್ಟಿಲಿನ ಏಣಿ ಕಟ್ಟಿದರು. ಅದರಲ್ಲಿ ಅಭಿಪ್ರಾಯ ಕೇಳುವುದು ನಾಲ್ಕನೇ ಮೆಟ್ಟಿಲು, ಪಾಲುದಾರಿಕೆ ಆರನೆಯದು. ಮರುಕಪಟ್ಟು, ಚೆನ್ನಾಗಿ ಕೇಳಿಸಿಕೊಂಡು, ಆಮೇಲೆ ತೀರ್ಮಾನ ನಾವೇ ಮಾಡಿದರೆ ನಾಲ್ಕರಲ್ಲೇ ನಿಂತ ಹಾಗೆ. ಹಾಗಾಗಿ ಕೊನೆಯ ಚೀಟಿ ಯಾವುದಿರಬೇಕು ಅಂತ ಆರಿಸಿದ್ದು ಅದನ್ನು ಬಳಸುವವರೇ. ನನಗೆ ಇಷ್ಟವಾದದ್ದು ಬೇರೆಯಿತ್ತು. ಅದು ಲೆಕ್ಕಕ್ಕೆ ಬರಬಾರದಿತ್ತು, ಬರಲೂ ಇಲ್ಲ.

ಆರಿಸಿದ ಮೇಲೆ ಪರೀಕ್ಷೆ ಮಾಡಿದ್ದು ಹೀಗೆ: ಚೀಟಿ ಕೈಗೆ ಕೊಟ್ಟು 'ಇದನ್ನು ನೋಡಿ ನಿಮ್ಮ ಪಕ್ಕದವರಿಗೆ ಹೇಳಿಕೊಡಿ' ಅಂದೆವು. ಎಲ್ಲಿ ತಡವರಿಸಿದರೋ ಅಲ್ಲಿ ಚೀಟಿ ತಿದ್ದಿದೆವು. ಈಗ ಚೀಟಿಯ ಹಿಂಬದಿಯ ಕೆಲಸ ನಡೆಯುತ್ತಿದೆ. ಅದು ಮಾತ್ರೆ ಎತ್ತಿಕೊಡುವ ಮನೆಯವರಿಗಾಗಿ. ಈ ಸಲ ಪೆನ್ಸಿಲ್ ಅವರ ಕೈಯಲ್ಲಿದೆ.