ಎಸಿಎಲ್ ರಿವಿಷನ್: ಅಗಲವಾದ ಟನಲ್ ತುಂಬಿಸಿದ ನನ್ನ ಅನುಭವ

ಮಂಡಿಯ ಎಸಿಎಲ್ ಲಿಗಮೆಂಟಿಗೆ ಬದಲಾಗಿ ಹಾಕಿದ ಗ್ರಾಫ್ಟ್ (ಬದಲಿ ನಾರು) ಸೋತಾಗ ಮತ್ತೆ ಮಾಡುವ ಶಸ್ತ್ರಚಿಕಿತ್ಸೆಯೇ ರಿವಿಷನ್. ಗ್ರಾಫ್ಟ್ ಕೂರಿಸಲು ಮೂಳೆಯಲ್ಲಿ ಕೊರೆದ ಟನಲ್ (ಸುರಂಗ) ತೀರಾ ಅಗಲವಾಗಿದ್ದರೆ ಮೊದಲ ಹಂತದಲ್ಲಿ ಅದಕ್ಕೆ ಮೂಳೆ ತುಂಬಿಸಿ, ಅದು ಕೂಡಿದ ಮೇಲೆ ಎರಡನೇ ಹಂತದಲ್ಲಿ ಹೊಸ ಗ್ರಾಫ್ಟ್ ಹಾಕುತ್ತೇನೆ. ‘ಸೊಂಟದ ಮೂಳೆ ತೆಗೆದು ತುಂಬಿಸಿ, ಮತ್ತೆ ಆರು ತಿಂಗಳು ಕಾಯಿಸ್ತೀರಾ?’ ಎಂದು ನಕ್ಕವರಿಗೆ ಈಗ ಸಿಟಿ ಫಿಲ್ಮ್ ಕೊಟ್ಟು ಸುಮ್ಮನಾಗುತ್ತೇನೆ.

ಎಕ್ಸ್‌ರೇ ಅಳತೆಯನ್ನು ನಂಬಬೇಡಿ, ಸಿಟಿ ಮಾಡಿಸಿ. ಟನಲ್ 10 ಮಿ.ಮೀ. ಒಳಗಿದ್ದರೆ ಒಂದೇ ಹಂತ, 14 ದಾಟಿದರೆ ಎರಡು. ತಲೆನೋವು ನಡುವಿನದು. ಹೊಸ ಟನಲ್ ಹಳೆಯದರೊಳಕ್ಕೆ ಅರ್ಧ ಜಾರುವಂತಿದ್ದರೆ ನಾನು ಎರಡು ಹಂತವೇ ಮಾಡುತ್ತೇನೆ. ತೊಡೆಮೂಳೆಯ ಹಳೆ ಟನಲ್ ತೀರಾ ನೆಟ್ಟಗಿದ್ದರೆ ಅದೃಷ್ಟ, ಹೊಸದರ ದಾರಿಗೆ ಅಡ್ಡ ಬರದು: ಹಳೆ ಗ್ರಾಫ್ಟ್ ಹಿಡಿದ ಸ್ಕ್ರೂ ಅಲ್ಲೇ ಇರಲಿ, ಪಕ್ಕದಲ್ಲಿ ಕೊರೆಯಿರಿ. ಕಿತ್ತರೆ ಆ ಗುಂಡಿಯೂ ನಿಮ್ಮದೇ.

ಮೊದಲ ಐದಾರು ಕೇಸು ಪಾಠ ಕಲಿಸಿದವು. ಸ್ಕೋಪಿನ (ಕೀಲಿನೊಳಗೆ ನೋಡುವ ಕ್ಯಾಮೆರಾ ಕೊಳವೆ) ನೀರು ಹರಿಯುತ್ತಿರುವಾಗಲೇ ಮೂಳೆ ಚೂರು ತುರುಕಿದೆ, ಅರ್ಧ ಕೀಲಿನೊಳಗೆ ತೇಲಿತು. ಟನಲ್ ಗೋಡೆಯ ಬಿಳಿ ಗಟ್ಟಿ ಪದರ ಬಿಟ್ಟಿದ್ದೆ, ನಾಲ್ಕನೇ ತಿಂಗಳ ಸಿಟಿಯಲ್ಲಿ ಸುತ್ತಲೂ ಕಪ್ಪು ಗೆರೆ, ಅಂದರೆ ಮೂಳೆ ಕೂಡಿರಲಿಲ್ಲ. ಮೂಳೆಗೆ ಬದಲು ಕ್ಯಾಲ್ಸಿಯಂ ಸಲ್ಫೇಟ್ ಹಾಕಿದೆ, ಮೂಳೆ ಬರುವ ಮೊದಲೇ ಅದು ಕರಗಿತ್ತು. ಹತ್ತಿಪ್ಪತ್ತು ಸಾವಿರ ನೀರಿನಲ್ಲಿ ಹೋಮ.

ಈಗ ಶೇವರ್ (ತಿರುಗುವ ಬ್ಲೇಡು), ಕ್ಯುರೆಟ್‌ನಿಂದ (ಕೆರೆಯುವ ಚಮಚ) ಹಳೆ ಗ್ರಾಫ್ಟ್ ಪೂರ್ತಿ ಕೆರೆದು, ರೀಮರ್ (ತೂತು ಅಗಲಿಸುವ ಡ್ರಿಲ್) ಒಂದೊಂದೇ ಮಿ.ಮೀ. ಏರಿಸುತ್ತೇನೆ. ಸ್ಕೋಪನ್ನು ಟನಲ್ ಒಳಕ್ಕೇ ಇಳಿಸಿ, ಟೂರ್ನಿಕೆ (ರಕ್ತ ತಡೆಯಲು ತೊಡೆಗೆ ಬಿಗಿದ ಪಟ್ಟಿ) ಬಿಟ್ಟು ನೋಡಬೇಕು. ರಕ್ತ ಜಿನುಗದ ಕಡೆ 2 ಮಿ.ಮೀ. ಕೆ-ವೈರ್‌ನಲ್ಲಿ (ಚೂಪು ಉಕ್ಕಿನ ಕಡ್ಡಿ) ತೂತು. ಆಮೇಲೆ ನೀರು ಬಂದ್.

ಟಿಬಿಯಾಗೆ (ಮೊಣಕಾಲ ಕೆಳಗಿನ ಮೂಳೆ) ಐಲಿಯಾಕ್ ಕ್ರೆಸ್ಟ್‌ನಿಂದ (ಸೊಂಟದ ಮೂಳೆಯ ಅಂಚು) ಟನಲ್‌ಗಿಂತ 1 ಮಿ.ಮೀ. ದಪ್ಪದ ಡೌಯೆಲ್ (ಮೂಳೆಯ ಗುಂಡನೆ ಬೆಣೆ). ಬಡಿಯುವಾಗ ಕೀಲಿನ ಕಡೆ ಕ್ಯುರೆಟ್ ಅಡ್ಡ ಹಿಡಿಯಿರಿ, ಇಲ್ಲದಿದ್ದರೆ ಒಳಕ್ಕೆ ಬೀಳುತ್ತದೆ. ಡೌಯೆಲ್ ಮುರಿಯದಂತೆ ತೆಗೆಯಲು ಒಂದು ಕೈಚಳಕವಿದೆ, ಅದು ಬರೆದರೆ ಬರುವುದಿಲ್ಲ, ಥಿಯೇಟರಿಗೆ ಬನ್ನಿ. ಫೀಮರ್‌ಗೆ (ತೊಡೆಮೂಳೆ) 2 ಮಿ.ಲೀ. ಸಿರಿಂಜಿನ ಮೂತಿ ಕತ್ತರಿಸಿ ಚೂರು ತುಂಬಿ, ಮಂಡಿ ಪೂರ್ತಿ ಮಡಚಿ, ಮೀಡಿಯಲ್ ಪೋರ್ಟಲ್‌ನಿಂದ (ಮಂಡಿಯ ಒಳಬದಿಯ ತೂತು) ಒತ್ತಿ, ಬಡಿದು ಬಿಗಿ ಮಾಡಿದರಾಯಿತು. ಹತ್ತು ರೂಪಾಯಿಯೊಳಗಿನ ಉಪಕರಣ! ಕೆಲವರಿಗೆ ಪಿಆರ್‌ಪಿ (ರೋಗಿಯದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ದ್ರವ) ಬೆರೆಸಿ ನೋಡಿದೆ, ಬಿಲ್ ಬೆಳೆಯಿತೇ ಹೊರತು ಮೂಳೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಕ್ರೆಸ್ಟ್ ಗಾಯವನ್ನು ಮುಂದಿನ ಮೊನೆಯಿಂದ ಮೂರು ಸೆಂ.ಮೀ. ಹಿಂದಕ್ಕೇ ಇಡಿ, ತಪ್ಪಿದರೆ ನರಕ್ಕೆ ಪೆಟ್ಟಾಗಿ ತೊಡೆ ಜೋಮು. ಟಿಬಿಯಾದ ಮೇಲ್ಮೈ ಹಿಂದಕ್ಕೆ ಇಳಿಯುವ ಇಳಿಜಾರು 12 ಡಿಗ್ರಿ ದಾಟಿದವರಲ್ಲಿ ಆಸ್ಟಿಯಾಟಮಿಯನ್ನೂ (ಮೂಳೆ ಕತ್ತರಿಸಿ ಕೋನ ಸರಿಪಡಿಸುವುದು) ಮೊದಲ ಹಂತದಲ್ಲೇ ಯೋಚಿಸುತ್ತೇನೆ.

ನಾಲ್ಕನೇ ತಿಂಗಳಿಗೆ ಸಿಟಿ. ಅಲ್ಲಿಯವರೆಗೆ ಕಬಡ್ಡಿ ಹುಡುಗರನ್ನು ಅಂಗಳದಿಂದ ದೂರವಿಡುವುದೇ ದೊಡ್ಡ ಕೆಲಸ, ಸಡಿಲ ಮಂಡಿಯಲ್ಲಿ ಆಡಿದರೆ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಹೋಗುತ್ತದೆ. ಎರಡನೇ ಹಂತದಲ್ಲಿ 9 ಮಿ.ಮೀ. ರೀಮರ್ ಹಾಕಿದಾಗ ಮೊದಲ ಸಲದ ಮಂಡಿಯಲ್ಲಿ ಸಿಗುವಂಥದ್ದೇ ಬಿಗಿ ಕೈಗೆ ಸಿಕ್ಕರೆ, ಗ್ರಾಫ್ಟ್ ತಯಾರು ಮಾಡಲು ಹೇಳಿ.