ಗಿರಾಕಿಯನ್ನು ಬೇರೆಯವರ ಹತ್ತಿರ ಕಳಿಸಿ ಕಮಿಷನ್ ಪಡೆಯೋದು ಹೇಗೆ

ನಾನು ಮೈಸೂರಿನಲ್ಲಿ ಪ್ಲಂಬಿಂಗ್, ಸಂಪ್ ಕ್ಲೀನಿಂಗ್ ಮಾಡುತ್ತೇನೆ. ನಲ್ಲಿ ಸರಿ ಮಾಡಲು ಹೋದಾಗ ಕಣ್ಣಿಗೆ ಬೇರೆಯದೂ ಬೀಳುತ್ತದೆ ಅಲ್ವಾ? ಬಾತ್‌ರೂಮಿನ ಹಿಂದಿನ ಗೋಡೆಯಲ್ಲಿ ಬಣ್ಣ ಉಬ್ಬಿರುತ್ತದೆ, ಬೆರಳಲ್ಲಿ ಒತ್ತಿದರೆ ಬಿಳಿ ಉಪ್ಪಿನ ಪುಡಿ ಉದುರುತ್ತದೆ. ಆಗ ಮನೆಯವರು ‘ಯಾರಾದ್ರೂ ಒಳ್ಳೆ ಪೇಂಟರ್ ಇದ್ದಾರಾ?’ ಅಂತ ಕೇಳೇ ಕೇಳುತ್ತಾರೆ. ಎಷ್ಟೋ ವರ್ಷ ಸುಮ್ನೆ ನಂಬರ್ ಕೊಟ್ಟು ಬರುತ್ತಿದ್ದೆ. ಈಗ ಅದಕ್ಕೂ ದುಡ್ಡು ಬರುತ್ತದೆ.

ಮೊದಲು ನಿಮ್ಮ ಕೆಲಸಕ್ಕೆ ಅಂಟಿಕೊಂಡ ಮೂರ್ನಾಲ್ಕು ಕಸುಬು ಆರಿಸಿಕೊಳ್ಳಿ. ನನಗೆ ಪೇಂಟರ್, ವಾಟರ್‌ಪ್ರೂಫಿಂಗ್‌ನವರು, ಟೈಲ್ಸ್ ಮೇಸ್ತ್ರಿ, ಎಲೆಕ್ಟ್ರಿಷಿಯನ್. ಅವರು ಮಾಡಿದ ಕೆಲಸವನ್ನು ಖುದ್ದಾಗಿ ಹೋಗಿ ನೋಡಿ. ವಾಟರ್‌ಪ್ರೂಫಿಂಗ್ ಆದರೆ ಒಂದು ಮಳೆಗಾಲ ಕಳೆದ ಮನೆಯನ್ನೇ ನೋಡಬೇಕು.

ಈ ಮಾತು ಅನುಭವದಿಂದ ಹೇಳುತ್ತಿದ್ದೇನೆ. ಒಮ್ಮೆ ಕೆಲಸ ನೋಡದೆ ಒಬ್ಬ ಟೈಲ್ಸ್‌ನವನನ್ನು ಕಳಿಸಿದೆ. ಅವನು ಅಡ್ವಾನ್ಸ್ ತಗೊಂಡು, ಅಡುಗೆಮನೆ ಒಡೆದು ಹಾಕಿ, ಮೂರು ವಾರ ಫೋನೇ ಎತ್ತಲಿಲ್ಲ. ಆ ಮನೆಯ ಅಮ್ಮ ವರಾಂಡದಲ್ಲಿ ಸ್ಟವ್ ಇಟ್ಟುಕೊಂಡು ಅಡುಗೆ ಮಾಡುತ್ತಿದ್ದರು. ಅವರು ಫೋನ್ ಮಾಡಿದ್ದು ನನಗೇ, ಯಾಕಂದ್ರೆ ನಂಬಿದ್ದು ನನ್ನನ್ನು.

ಕಮಿಷನ್ ಎಷ್ಟು ಅಂತ ಕೆಲಸದವರ ಹತ್ತಿರ ಮೊದಲೇ ಮಾತಾಡಿ, ವಾಟ್ಸಾಪಿನಲ್ಲಿ ಬರೆದಿಡಿ. ನಾನು ಚಿಕ್ಕ ಕೆಲಸಕ್ಕೆ 300 ರೂಪಾಯಿ, ದೊಡ್ಡದಕ್ಕೆ ಕೂಲಿಯ ಮೇಲೆ ಮಾತ್ರ 5% ತಗೋತೀನಿ. ಸಾಮಾನಿನ ಮೇಲೆ ಬೇಡ. ಅದರಲ್ಲೂ ಪಾಲು ಸಿಗುತ್ತದೆ ಅಂದರೆ ದುಬಾರಿ ಸಾಮಾನು ಹಾಕಿಸುವ ಆಸೆ ಯಾರಿಗಾದರೂ ಬರುತ್ತದೆ. ಗಿರಾಕಿ ಪೂರ್ತಿ ದುಡ್ಡು ಕೊಟ್ಟ ಮೇಲೆ ನಿಮ್ಮದು ಯುಪಿಐನಲ್ಲಿ ಬರಲಿ, ಲೆಕ್ಕ ಉಳಿಯುತ್ತದೆ.

ಗಿರಾಕಿಗೆ ಇದನ್ನು ಮುಚ್ಚಿಡಬೇಡಿ. ‘ಇವರು ಕೆಲಸ ಸಿಕ್ಕರೆ ನನಗೆ ಸ್ವಲ್ಪ ಕಮಿಷನ್ ಕೊಡ್ತಾರೆ, ನೀವು ಇನ್ನೊಬ್ಬರ ಹತ್ತಿರವೂ ರೇಟ್ ಕೇಳಿ’ ಅಂತ ನೇರವಾಗಿ ಹೇಳುತ್ತೇನೆ. ಇದುವರೆಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ.

ಗಿರಾಕಿಯನ್ನು ಕೇಳಿಯೇ ಅವರ ನಂಬರ್ ಕೆಲಸದವರಿಗೆ ಕೊಡಿ. ಬರೀ ನಂಬರ್ ಸಾಲದು, ಫೋಟೋ ಜೊತೆ ಹೀಗೆ ಕಳಿಸಿ: ‘ಕುವೆಂಪುನಗರ, ಮೊದಲ ಮಹಡಿ. ಬಾತ್‌ರೂಮ್ ಹಿಂದಿನ ಗೋಡೆ ಸುಮಾರು 6 ಅಡಿ ಅಗಲ ತೇವ. ಪೈಪ್ ಲೀಕ್ ನಾನು ನಿಲ್ಲಿಸಿದ್ದೇನೆ, ಗೋಡೆ ಒಣಗಿದ ಮೇಲೆ ಕೆಲಸ. ಸಂಜೆ 6ರ ನಂತರ ಫೋನ್ ಮಾಡಿ.’ ಇದನ್ನೇ ತಾರೀಖು ಹಾಕಿ ನೋಟ್‌ಬುಕ್ಕಿನಲ್ಲೂ ಬರೆದುಕೊಳ್ಳಿ.

ಎಲ್ಲ ಕಡೆ ಕಮಿಷನ್ ನಡೆಯುವುದಿಲ್ಲ. ರೋಗಿಗಳನ್ನು ಕಳಿಸಿದ್ದಕ್ಕೆ ಡಾಕ್ಟರ್ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ 2002ರ ವೈದ್ಯಕೀಯ ನಿಯಮಗಳು ನಿಷೇಧಿಸಿವೆ. ರೇರಾ (ರಿಯಲ್ ಎಸ್ಟೇಟ್ ಕಾನೂನು) ಅಡಿ ಬರುವ ಪ್ರಾಜೆಕ್ಟಿನ ಫ್ಲ್ಯಾಟ್ ಮಾರಿಸಲು ಏಜೆಂಟ್ ನೋಂದಣಿ ಬೇಕು. ಬಂದ ಕಮಿಷನ್ ನಿಮ್ಮ ಆದಾಯವೇ, ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ತೋರಿಸಿ. ಒಂದು ಕಂಪನಿಯಿಂದ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಅವರು 2% ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ, ಅದಕ್ಕೆ ಪಾನ್ ಕೊಟ್ಟಿರಿ.

ಕೆಲಸ ಮುಗಿದ ವಾರಕ್ಕೆ ಗಿರಾಕಿಗೆ ಒಂದು ಫೋನ್ ಮಾಡಿ, ಹೇಗಾಯ್ತು ಕೇಳಿ. ಆ ಟೈಲ್ಸ್ ಮನೆಗೆ ನಾನು ಬೇರೆ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ, ಕಮಿಷನ್ ಬಿಟ್ಟು, ನಿಂತು ಕೆಲಸ ಮುಗಿಸಿಕೊಟ್ಟೆ. ಈಗಲೂ ಅವರ ಸಂಪ್ ತೊಳೆಯುವುದು ನಾನೇ.